ನಲವತ್ತಮೂರು ಸಲ ಸತ್ತ ಮಾವ

ಆ ಮನೆಯ ಹಜಾರದಲ್ಲಿ ಏಳು ತಿಂಗಳಿಂದ ಯುದ್ಧ ನಡೆಯುತ್ತಿತ್ತು. ಹನ್ನೆರಡಡಿ ಉದ್ದ, ಏಳಡಿ ಎತ್ತರದ ಕ್ಯಾನ್ವಾಸು ಒಂದು ಗೋಡೆಯನ್ನು ಪೂರ್ತಿ ನುಂಗಿ, ಕಿಟಕಿಯ ಅರ್ಧವನ್ನೂ ಮುಚ್ಚಿ ನಿಂತಿತ್ತು. ಅದಕ್ಕೆ ಜಾಗ ಬಿಡಲು ಊಟದ ಮೇಜು ಅಡುಗೆಮನೆಗೆ ಹೋಯಿತು, ಅಡುಗೆಮನೆಯ ಕಪಾಟು ಮಲಗುವ ಕೋಣೆಗೆ ಬಂತು, ಸೊಸೆಯ ಇಸ್ತ್ರಿ ಮಾಡಿದ ನರ್ಸಿನ ಯೂನಿಫಾರ್ಮು ಬಚ್ಚಲಿನ ಬಾಗಿಲ ಹಿಂದೆ ನೇತಾಡತೊಡಗಿತು. ಬೆಳಗ್ಗೆ ಆರಕ್ಕೆ ಟೀ ಲೋಟ ಹಿಡಿದು ಅವಳು ಹೊರಬಾಗಿಲಿಗೆ ಹೋಗಬೇಕಾದರೆ ಒಂದು ನದಿ, ಒಂದು ಮುರಿದ ಸೇತುವೆ, ಇಪ್ಪತ್ತೆಂಟು ಸಿಪಾಯಿಗಳನ್ನು ಬಳಸಿಕೊಂಡು ಹೋಗಬೇಕಿತ್ತು.

ಚಿತ್ರ ಬರೆಯುತ್ತಿದ್ದವರು ಅವಳ ಮಾವ. ಅರವತ್ತೇಳು ವಯಸ್ಸು. ಹರೆಯದಲ್ಲಿ ಸೈನ್ಯ ಸೇರಲು ಹೋಗಿ, ಪಾದ ಚಪ್ಪಟೆ ಎಂದು ಬಾಗಿಲಲ್ಲೇ ವಾಪಸ್ಸು ಕಳಿಸಿಕೊಂಡವರು. ಆ ಸಿಟ್ಟಿಗೋ ಆಸೆಗೋ, ನಲವತ್ತು ವರ್ಷದಿಂದ ಯುದ್ಧದ ಚಿತ್ರ ಬಿಟ್ಟು ಬೇರೆ ಏನನ್ನೂ ಬರೆದಿರಲಿಲ್ಲ. ಬೀದಿಯವರೆಲ್ಲ ಅವರನ್ನು 'ಜನರಲ್' ಎನ್ನುತ್ತಿದ್ದರು, ಹಾಲು ಹಾಕುವವನೂ ಸೇರಿ. ಒಂದು ಕೋಟಿನ ಗುಂಡಿ ಹಿತ್ತಾಳೆಯದೋ ಕೊಂಬಿನದೋ ಎಂದು ತಿಳಿಯಲು ಹನ್ನೊಂದು ಕಾಗದ ಬರೆದ ಮನುಷ್ಯ. ಬೆಲ್ಟಿಗೆ ಹಳೆಯ ಬಣ್ಣ ಬರಲಿ ಎಂದು ಅದನ್ನು ಹೆಂಡತಿಯ ಟೀ ಪಾತ್ರೆಯಲ್ಲೇ ಕುದಿಸಿ ಎರಡು ದಿನ ಬೈಸಿಕೊಂಡವರು.

ಹೊರಗಿನವರನ್ನು ಕರೆತಂದು ಎದುರಿಗೆ ನಿಲ್ಲಿಸಿಕೊಳ್ಳುವುದು ಅವರಿಗೆ ಆಗಿಬರುತ್ತಿರಲಿಲ್ಲ. ಮನೆಯವರೇ ಅವರ ಸೈನ್ಯ. ಚಿತ್ರಗಳಿಗೆ ಚೌಕಟ್ಟು ಹಾಕುವ ಮಗ ಆರು ಯುದ್ಧಗಳಲ್ಲಿ ಹೋರಾಡಿದ್ದ, ಆರರಲ್ಲೂ ಎರಡನೆಯ ಸಾಲಿನಲ್ಲಿ. ಅವನ ಮುಖಕ್ಕೆ ಗೊತ್ತಿದ್ದುದು ಒಂದೇ ಭಾವ, ಹಸಿವು. ಮೊಮ್ಮಗಳು ಹಾಗಲ್ಲ. ಹನ್ನೆರಡನೆಯ ವಯಸ್ಸಿಗೇ ಮರದ ಬಂದೂಕು ಹಿಡಿದು, ಒಂಟಿ ಮಂಡಿಯ ಮೇಲೆ ನಲವತ್ತು ನಿಮಿಷ ಅಲುಗದೆ ಕೂತು ತಾತನ ಮನಸ್ಸು ಗೆದ್ದವಳು. ತಾತ ಅವಳ ಮುಖ ಬರೆದು ಮೇಲೊಂದು ಮೀಸೆ ಎಳೆದುಬಿಡುತ್ತಿದ್ದರು. ಈಗ ಅವಳಿಗೆ ಹತ್ತೊಂಬತ್ತು. ಮನೆಯಲ್ಲಿ ಅವಳ ಹೆಸರೇ 'ಮೀಸೆ' ಆಗಿಹೋಗಿತ್ತು.

ಅತ್ತೆ ಮಾತ್ರ ಚಿತ್ರದೊಳಗೆ ಬಂದವರಲ್ಲ. ಆದರೆ ಮನೆಯ ಕಾನೂನು ಅವರದು. ಮದುವೆಯಾದ ಹೊಸದರಲ್ಲಿ ಗಂಡ ಅತ್ತೆಯ ತಮ್ಮನನ್ನು ನೆಲದ ಮೇಲೆ ಮಲಗಿಸಿ, ಎದೆಗೆ ಕೆಂಪು ಹಚ್ಚಿ ಕೂತದ್ದನ್ನು ಕಂಡು ಅವರು ರಂಪ ಮಾಡಿದ್ದರು. "ನನ್ನ ಕಡೆಯವರು ಯಾರೂ ನಿಮ್ಮ ಚಿತ್ರದಲ್ಲಿ ಸತ್ತು ಬೀಳೋ ಹಾಗಿಲ್ಲ. ಅಷ್ಟು ಬೇಕಾದ್ರೆ ನೀವೇ ಸಾಯಿರಿ." ಕೋಪದಲ್ಲಿ ಆಡಿದ ಮಾತು. ಗಂಡ ಅದನ್ನು ಅಕ್ಷರಶಃ ಪಾಲಿಸಿದರು. ಅಂದಿನಿಂದ ಅವರ ಚಿತ್ರಗಳಲ್ಲಿ ಸತ್ತವರೆಲ್ಲ ಅವರೇ. ಯೂನಿಫಾರ್ಮು ತೊಟ್ಟು ಹಳೆಯ ಹಾಸಿಗೆಯ ಮೇಲೆ ಬೀಳುವರು, ಅತ್ತೆ ಕ್ಯಾಮೆರಾ ಹಿಡಿದು ಏಣಿ ಹತ್ತುವರು. "ಹೊಟ್ಟೆ ಒಳಗೆ ಎಳ್ಕೊಳ್ರೀ. ಸತ್ತವರ ಹೊಟ್ಟೆ ಮೇಲೆ ಕೆಳಗೆ ಆಡುತ್ತಾ? ಉಸಿರು ಬಿಗಿ ಹಿಡೀರಿ." ಹೀಗೆ ಮಾವ ಇಲ್ಲಿಯವರೆಗೆ ನಲವತ್ತಮೂರು ಸಲ ಸತ್ತಿದ್ದರು.

ಸೊಸೆಗೆ ಈ ಕಾನೂನು ಒಪ್ಪಿಗೆಯಾಗಿತ್ತು. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಇಪ್ಪತ್ತೊಂದು ವರ್ಷ ದುಡಿದವಳು. ಸಾವನ್ನು ನೋಡುವುದು ಅವಳಿಗೆ ಕೆಲಸದ ಪಾಳಿಯಲ್ಲೇ ಸಾಕಾಗಿತ್ತು.

ಚಿತ್ರ ಮುಗಿಯಲು ಏಳು ವಾರ ಉಳಿದಿದ್ದಾಗ ಮೇಜರ್ ನೋಡಲು ಬಂದರು. ಒಂದು ರೆಜಿಮೆಂಟಿನ ಹೊಸ ಸಭಾಂಗಣಕ್ಕೆಂದು ಬರೆಸುತ್ತಿದ್ದ ಚಿತ್ರ ಅದು. ನಲವತ್ತಾರು ವರ್ಷದ ಹಿಂದೆ ಆ ಸೇತುವೆಯ ಮೇಲೆ ಮೇಜರ್ ತಾವೇ ಇದ್ದರು, ಇಪ್ಪತ್ತಮೂರರ ಹುಡುಗನಾಗಿ. ಈಗ ನಿವೃತ್ತರಾಗಿ, ಕೋಲೂರಿಕೊಂಡು, ಕ್ಯಾನ್ವಾಸಿನ ಬಲ ತುದಿಯಿಂದ ಎಡಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ನೋಡಿದರು. ಬೀದಿಗೆಲ್ಲ ಜನರಲ್ ಆಗಿದ್ದ ಮಾವ ಅಸಲಿ ಮೇಜರ್ ಮುಂದೆ ಕೈಕಟ್ಟಿ ನಿಂತಿದ್ದರು.

"ಕೆಸರು ಸರಿಯಾಗಿದೆ," ಎಂದರು ಮೇಜರ್. "ಬಾಯಲ್ಲಿ ಅದರ ರುಚಿ ಬಂತು ಈಗ."

ಮಾವನ ಮುಖ ಅರಳಿತು. ಆ ನದಿಯ ದಂಡೆಯ ಮಣ್ಣನ್ನು ಜಾಮ್ ಬಾಟಲಿಯಲ್ಲಿ ತರಿಸಿ ಬಣ್ಣ ಬೆರೆಸಿದವರು ಅವರು. ಮೇಜರ್ ಮುಂದೆ ಹೋಗಿ ಸೇತುವೆಯ ಬುಡದಲ್ಲಿ ನಿಂತರು. ಅಲ್ಲಿ ಮೂವರು ಸತ್ತು ಬಿದ್ದಿದ್ದರು.

"ಇವರು ಯಾರು?"

"ಮೊದಲ ಸಾಲಲ್ಲಿ ಬಿದ್ದವರು, ಸರ್."

"ಇವರಿಗೆ ಪೆನ್ಷನ್ ಬರೋ ವಯಸ್ಸಾಗಿದೆಯಲ್ಲ."

ಟೀ ತಂದಿದ್ದ ಸೊಸೆಗೆ ನಗು ಬಂತು. ಆಮೇಲೆ ಅವಳೂ ನೋಡಿದಳು, ನಗು ಅಲ್ಲೇ ನಿಂತಿತು. ಮೂವರೂ ಮಾವನೇ. ಕೂದಲಿಗೆ ಕಪ್ಪು ಬಳಿದಿದ್ದರು, ಮೀಸೆಗೂ ಬಳಿದಿದ್ದರು. ಗಲ್ಲದ ಕೆಳಗೆ ಜೋತ ಚರ್ಮಕ್ಕೆ ಏನೂ ಮಾಡಿರಲಿಲ್ಲ. ಏಳು ತಿಂಗಳು ದಿನಕ್ಕೆ ನಾಲ್ಕು ಸಲ ಅದರ ಮುಂದೆ ಹಾದುಹೋಗಿದ್ದವಳು ಅವಳು.

"ನನ್ನ ಪಕ್ಕದಲ್ಲಿ ಬಿದ್ದವರು ಮೂರು ಜನ," ಎಂದರು ಮೇಜರ್. "ಇಬ್ಬರಿಗೆ ಇಪ್ಪತ್ತು. ಒಬ್ಬನಿಗೆ ಹತ್ತೊಂಬತ್ತು."

"ಅವರ ಫೋಟೋ ಸಿಕ್ಕಿದ್ರೆ…"

"ಫೋಟೋ ಇದೆ, ಕೊಡಲ್ಲ. ಸಭಾಂಗಣ ತೆರೆಯೋ ದಿನ ಅವರ ಮನೆಯವರು ಬರ್ತಾರೆ. ತಮ್ಮ ಮಗ ಸತ್ತು ಬಿದ್ದಿದ್ದನ್ನ ಗೋಡೆ ಮೇಲೆ ಯಾಕೆ ನೋಡ್ಬೇಕು? ಮುಖ ಅವರದ್ದು ಬೇಡ. ವಯಸ್ಸು ಮಾತ್ರ ಅವರದ್ದಿರಲಿ."

ಅಂದು ಸಂಜೆ ಮಾವ ತಮ್ಮ ಹಳೆಯ ಚಿತ್ರಗಳ ಅಚ್ಚು ಪ್ರತಿಗಳನ್ನೆಲ್ಲ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹುರುಳಿಕಾಯಿ ಎಲ್ಲ ಒಂದು ಮೂಲೆಗೆ ಸರಿದವು. ಮೊದಲನೆಯ ಚಿತ್ರದಲ್ಲಿ ಸತ್ತವನಿಗೆ ಇಪ್ಪತ್ತಾರು, ತೆಳ್ಳಗಿನ ಆಳು. ಹತ್ತು ವರ್ಷದ ಮೇಲಿನದರಲ್ಲಿ ಕೆನ್ನೆ ತುಂಬಿಕೊಂಡಿತ್ತು. ಆಮೇಲಿನದರಲ್ಲಿ ಹಣೆ ಮೇಲಕ್ಕೆ ಸರಿದಿತ್ತು.

"ಇಲ್ಲಿ ನೋಡಿ," ಅತ್ತೆ ಬೆರಳಿಟ್ಟು ತೋರಿಸಿದರು. "ಮೂಗಿನ ಮೇಲೆ ಕನ್ನಡಕದ ಗುರುತು. ಯುದ್ಧಕ್ಕೆ ಹೋಗೋನು ಓದೋ ಕನ್ನಡಕ ಹಾಕ್ಕೊಂಡು ಹೋಗಿದ್ನಾ?"

"ಏಣಿ ಮೇಲೆ ನಿಂತು ಫೋಟೋ ತೆಗೆದವಳು ನೀನು. ನಿನಗ್ಯಾಕೆ ಕಾಣಿಸ್ಲಿಲ್ಲ?"

"ದಿನಾ ನೋಡೋ ಮುಖ. ವಯಸ್ಸಾಯ್ತು ಅಂತ ಯಾರಿಗೆ ಗೊತ್ತಾಗುತ್ತೆ?"

ಯಾರ ತಪ್ಪೂ ಅಲ್ಲ, ಎಲ್ಲರ ತಪ್ಪು. ಓಡುವವರು, ಗುಂಡು ಹಾರಿಸುವವರು, ಬಾವುಟ ಹಿಡಿದವರು ಮಾತ್ರ ನಲವತ್ತು ವರ್ಷವೂ ಹರೆಯದಲ್ಲೇ ಇದ್ದರು. ಮೊದಲು ಅತ್ತೆಯ ತಮ್ಮ, ಆಮೇಲೆ ಮಗ, ಈಗ ಮೊಮ್ಮಗಳು ಎದುರಿಗೆ ನಿಂತಿದ್ದರಲ್ಲ. ಮಾವ ಕೊನೆಯ ಅಚ್ಚನ್ನು ಕೆಳಗಿಟ್ಟರು.

"ಮುದುಕರು ಸಾಯ್ತಿದಾರೆ, ಹುಡುಗರು ಗೆಲ್ತಿದಾರೆ," ಎಂದರು. "ನಲವತ್ತು ವರ್ಷ ಉಲ್ಟಾ ಬರೆದಿದೀನಿ."

ಮೀಸೆ ಮೊಟ್ಟೆ ಸುಲಿಯುತ್ತಿದ್ದವಳು ತಲೆ ಎತ್ತಿದಳು. "ಅದಕ್ಯಾಕೆ ಚಿಂತೆ ತಾತ? ನಾನು ಮಲಗ್ತೀನಿ. ಹೇಗೂ ಅಭ್ಯಾಸ ಆಗ್ಲಿ."

"ಯಾವುದಕ್ಕೆ ಅಭ್ಯಾಸ?" ಎಂದು ಸೊಸೆ ಕೇಳಿದಳು.

ಆಡಿದ ಮಾತನ್ನು ನುಂಗಲು ತಡವಾಗಿತ್ತು. ಮೀಸೆ ಎದ್ದುಹೋಗಿ, ಬ್ಯಾಗಿನಿಂದ ಒಂದು ಲಕೋಟೆ ತಂದು ತಾಯಿಯ ತಟ್ಟೆಯ ಪಕ್ಕ ಇಟ್ಟಳು. ಸೈನ್ಯದ ತರಬೇತಿಗೆ ಅರ್ಜಿ ಹಾಕಿದ್ದಳು. ಬರವಣಿಗೆಯ ಪರೀಕ್ಷೆ ಪಾಸಾಗಿತ್ತು. ಇನ್ನು ಒಂಬತ್ತು ವಾರಕ್ಕೆ ದೇಹ ಪರೀಕ್ಷೆ. ತಿಂಗಳ ಹಿಂದೆ ಅವಳು ಕೂದಲು ಕತ್ತರಿಸಿಕೊಂಡು ಬಂದದ್ದೇಕೆ, ಬೆಳಗ್ಗೆ ಐದಕ್ಕೆ ಎದ್ದು ಓಡುವುದೇಕೆ ಎಂಬುದೆಲ್ಲ ಸೊಸೆಗೆ ಒಟ್ಟಿಗೇ ಅರ್ಥವಾಯಿತು. ಆದರೆ ಅವಳು ಮಗಳ ಕಡೆ ತಿರುಗಲಿಲ್ಲ, ಮಾವನ ಕಡೆ ತಿರುಗಿದಳು.

"ಹನ್ನೆರಡನೇ ವರ್ಷಕ್ಕೆ ಇವಳ ಕೈಗೆ ಬಂದೂಕು ಕೊಟ್ರಿ."

"ಮರದ್ದು," ಎಂದರು ಮಾವ.

"ಮರದ್ದಾದ್ರೂ ಹಿಡಿಯೋದು ಕಲಿತಳಲ್ಲ."

"ನಾನು ಚಿತ್ರ ನೋಡ್ಕೊಂಡು ಹೋಗ್ತಿಲ್ಲಮ್ಮ," ಎಂದಳು ಮೀಸೆ.

"ಮತ್ತೇನು ನೋಡ್ಕೊಂಡು? ಯುದ್ಧ ಅಂದ್ರೆ ಈ ಮನೇಲಿ ನೀನು ಬೇರೆ ಏನು ನೋಡಿದೀಯ ಹೇಳು. ಗೋಡೆ ತುಂಬ ನೀನೇ ಓಡ್ತಿದೀಯ, ನಿನಗೇನೂ ಆಗಲ್ಲ. ಸಾಯೋದು ತಾತ. ಅದೂ ಊಟ ಆದ್ಮೇಲೆ ಒರಗಿದ ಹಾಗೆ."

ಗಂಡ ಗಂಟಲು ಸರಿಮಾಡಿಕೊಂಡ. ಮಾತಾಡಬಹುದೇನೋ ಎಂದು ಎಲ್ಲರೂ ಕಾದರು.

"ಮೊಟ್ಟೆ ಆರ್ತಾ ಇದೆ," ಎಂದ ಅವನು.

ಮುಂದಿನ ಎರಡು ವಾರ ಮನೆಯಲ್ಲಿ ಪಾತ್ರೆಗಳೇ ಜಾಸ್ತಿ ಮಾತಾಡಿದವು. ಸೊಸೆ ಮಗಳ ಓಡುವ ಬೂಟುಗಳನ್ನು ಬಟ್ಟೆ ಒಗೆಯುವ ಮಷಿನ್ನಿನೊಳಗೆ ಬಚ್ಚಿಟ್ಟಳು. ಮಗಳು ಅಪ್ಪನ ಬೂಟಿಗೆ ಹತ್ತಿ ತುರುಕಿಕೊಂಡು ಓಡಿದಳು. ಬಚ್ಚಿಟ್ಟದ್ದನ್ನು ಮರೆತು ಸೊಸೆ ಮಷಿನ್ ಹಾಕಿದಳು. ಬೂಟು ಬೆಳ್ಳಗಾದವು, ಬಿಳಿ ಯೂನಿಫಾರ್ಮು ಮಣ್ಣಿನ ಬಣ್ಣಕ್ಕೆ ತಿರುಗಿತು. ಆ ಅಂಗಿಯನ್ನು ಬಕೆಟ್ಟಿನಲ್ಲಿ ತಿಕ್ಕುತ್ತ ಅವಳು ಅತ್ತಳು. ಅಂಗಿಗಾಗಿ ಅಲ್ಲ ಎಂದು ಅವಳಿಗೂ ಗೊತ್ತಿತ್ತು.

ಮಾವ ಆ ಮೂವರನ್ನು ಚಾಕುವಿನಿಂದ ಹೆರೆದು ತೆಗೆದರು. ಸೇತುವೆಯ ಬುಡದಲ್ಲಿ ಮೂರು ಬಿಳಿಚಿದ ಖಾಲಿ ಜಾಗ ಉಳಿದವು. ಮೊದಲ ಸಲ ಹೊರಗಿನವರನ್ನು ಕರೆಸಿ ನೋಡಿದರು. ನಾಟಕದ ಕಂಪನಿಯಿಂದ ಬಂದ ಯುವಕ ಎದೆಯ ಮೇಲೆ ಕೈಯಿಟ್ಟು, ಮೂರು ಸುತ್ತು ತಿರುಗಿ, ಸಾಯುವ ಮುಂಚೆ ತಾಯಿಗೆ ಹೇಳಿಕಳಿಸಬೇಕಾದ ಮಾತುಗಳನ್ನೂ ಹೇಳಿ ಬಿದ್ದ. ಎರಡನೆಯವನು ಮಲಗಿದ ಹತ್ತನೆಯ ನಿಮಿಷಕ್ಕೆ ಗೊರಕೆ ಹೊಡೆದ. ಕೊನೆಗೆ ಮಾವ ತಮ್ಮ ಮದುವೆಯ ಫೋಟೋ ಎದುರಿಗಿಟ್ಟುಕೊಂಡು ಪ್ರಯತ್ನಿಸಿದರು.

"ಆಗಲ್ಲ. ಇದರಲ್ಲಿರೋ ಆಸಾಮಿ ಹೆದರಿದಾನೆ ಅಷ್ಟೆ, ಸತ್ತಿಲ್ಲ."

"ಹೆದರಬೇಕಾಗಿದ್ದವಳು ನಾನು," ಎಂದರು ಅತ್ತೆ, ಒಳಗಿನಿಂದ.

ಒಂದು ಮಧ್ಯಾಹ್ನ ಸೊಸೆ ಆಲೂಗಡ್ಡೆ ಹೆಚ್ಚುತ್ತಿದ್ದಾಗ ಮಾವ ಬಂದು ಎದುರಿಗೆ ಕೂತರು. ಬೆರಳ ತುಂಬ ಬಣ್ಣ. ತಾವೂ ಒಂದು ಚಾಕು ತೆಗೆದುಕೊಂಡು ಸಿಪ್ಪೆ ತೆಗೆಯತೊಡಗಿದರು.

"ನಿನಗೆ ನನ್ನ ಮೇಲೆ ಕೋಪ ಇದೆ."

"ಇದೆ ಮಾವ."

"ಇರಲಿ. ಒಂದು ಮಾತು ಕೇಳ್ತೀನಿ. ನಾನು ನನ್ನ ಜೀವಮಾನದಲ್ಲಿ ಹತ್ತಿರದಿಂದ ನೋಡಿದ ಹೆಣ ಎರಡು. ಅಪ್ಪನದು, ಅಮ್ಮನದು. ಇಬ್ಬರೂ ಹಾಸಿಗೆ ಮೇಲೆ ಹೋದವರು. ನೀನು ಎಷ್ಟು ನೋಡಿರಬಹುದು?"

"ಲೆಕ್ಕ ಇಟ್ಟಿಲ್ಲ."

"ಹೇಗಿರ್ತಾರೆ?"

"ನಾವು ನೀಟು ಮಾಡಿದ ಮೇಲೆ ನಿಮ್ಮ ಚಿತ್ರದಲ್ಲಿರೋ ಹಾಗಿರ್ತಾರೆ."

"ಅದಕ್ಕೆ ಮುಂಚೆ?"

ಸೊಸೆ ಹೆಚ್ಚಿದ ಆಲೂಗಡ್ಡೆಯನ್ನು ನೀರಿಗೆ ಹಾಕಿ ಒಲೆ ಹಚ್ಚಿದಳು. ಮಾವ ಇನ್ನೊಂದು ಸಿಪ್ಪೆ ತೆಗೆದಿಟ್ಟು, ದಪ್ಪಗೆ ತೆಗೆದದ್ದಕ್ಕೆ ಬೈಸಿಕೊಳ್ಳುವ ಮುಂಚೆ ಎದ್ದುಹೋದರು.

ನಾಲ್ಕನೆಯ ವಾರ, ಒಂದು ಗುರುವಾರ, ಅವಳ ವಾರ್ಡಿಗೆ ಇಪ್ಪತ್ತು ವರ್ಷದ ಹುಡುಗನೊಬ್ಬ ಬಂದ. ಕಟ್ಟಡದ ಸಾರುವೆಯ ಮೇಲಿಂದ ಬಿದ್ದಿದ್ದ. ಮಧ್ಯಾಹ್ನದೊಳಗೆ ತೀರಿಕೊಂಡ. ಸೊಸೆ ಪರದೆ ಎಳೆದುಕೊಂಡು ತನ್ನ ಕೆಲಸ ಮಾಡಿದಳು. ಅರ್ಧ ತೆರೆದಿದ್ದ ಕಣ್ಣು ಮುಚ್ಚಿದಳು, ಜೋತ ಗಲ್ಲಕ್ಕೆ ಪಟ್ಟಿ ಕಟ್ಟಿದಳು, ಹೊರಕ್ಕೆ ತಿರುಚಿದ್ದ ಪಾದ ನೆಟ್ಟಗಿಟ್ಟಳು, ಮೇಲೆ ಸರಿದಿದ್ದ ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದು ಸರಿಮಾಡಿದಳು. ಆಮೇಲೆ ಅವನ ತಾಯಿಯನ್ನು ಒಳಗೆ ಕರೆದಳು.

ತಾಯಿ ಬಹಳ ಹೊತ್ತು ನೋಡಿದಳು. "ಮಲಗಿದ ಹಾಗಿದಾನೆ, ಅಲ್ವಾ ಸಿಸ್ಟರ್?"

ಇಪ್ಪತ್ತೊಂದು ವರ್ಷದಲ್ಲಿ ಈ ಮಾತನ್ನು ಎಷ್ಟು ಜನರ ಬಾಯಿಂದ ಕೇಳಿದ್ದಳೋ. ಪ್ರತಿ ಸಲವೂ ಹೌದಮ್ಮ ಎಂದಿದ್ದಳು. ಅಂದೂ ಅಂದಳು. ಅಳುವವರ ಮುಂದೆ ಆಡುವ ಆ ಸುಳ್ಳು ಕರುಣೆಯ ಸುಳ್ಳು, ಅದರ ಬಗ್ಗೆ ಅವಳಿಗೆ ನಾಚಿಕೆಯಿಲ್ಲ. ಆದರೆ ಅದೇ ಸುಳ್ಳನ್ನು ತನ್ನ ಮನೆಯ ಹಜಾರದಲ್ಲಿ, ಇನ್ನೂ ಹೊರಟಿರದ ಮಗಳಿಗೆ ಎಲ್ಲರೂ ಹೇಳುತ್ತ ಬಂದಿದ್ದರು. ಮಾವ ಬಣ್ಣದಲ್ಲಿ ನೀಟು ಮಾಡಿದರು, ಅವಳು ಬಾಯಿ ಮುಚ್ಚಿಕೊಂಡು ನೀಟು ಮಾಡಿದಳು. ಆಸ್ಪತ್ರೆಯ ಒಂದು ದಿನದ ಕಥೆಯನ್ನೂ ಅವಳು ಮನೆಗೆ ತಂದು ಹೇಳಿದವಳಲ್ಲ. ಬಸ್ಸಿನಲ್ಲಿ ನಿಂತು ಬರುವಷ್ಟು ಹೊತ್ತೂ ಇದೇ ತಲೆಯಲ್ಲಿ ಸುತ್ತಿತು. ಮನೆ ಮುಟ್ಟಿದಾಗ ಅವಳು ಕೈಚೀಲ ಕೂಡ ಇಳಿಸಲಿಲ್ಲ.

"ಮಾವ, ಭಾನುವಾರ ನನಗೆ ರಜೆ. ಮೀಸೆನ ಮಲಗಿಸೋಣ. ಆದ್ರೆ ಮಲಗಿಸೋದು ನೀವಲ್ಲ, ನಾನು."

ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಕೈಯಲ್ಲಿದ್ದ ದುಪ್ಪಟಿ ಜಾರಿತು.

"ಹೆತ್ತ ತಾಯಿ ಆಡೋ ಮಾತಾ ಇದು?"

"ಹೆತ್ತವಳು ಬಿಟ್ರೆ ಇನ್ಯಾರು ಆಡ್ತಾರೆ ಅತ್ತೆ? ಅವಳು ಹೊರಟಿರೋದು ಎಲ್ಲಿಗೆ ಅಂತ ಯಾರಾದ್ರೂ ತೋರಿಸಬೇಕಲ್ಲ. ಬೇರೆ ಯಾರೋ ತೋರಿಸೋ ಮುಂಚೆ ನಾನೇ ತೋರಿಸ್ತೀನಿ."

"ನಲವತ್ತು ವರ್ಷ ಕಾಪಾಡಿಕೊಂಡು ಬಂದಿದೀನಿ."

"ನಮ್ಮನ್ನೆಲ್ಲ ಕಾಪಾಡಿದ್ರಿ. ಆದ್ರೆ ಈ ಗೋಡೆ ನೋಡ್ತಾ ಬೆಳೆದವಳಿಗೆ ಸಾಯೋರು ಮುದುಕರು ಮಾತ್ರ ಅಂತ ಆಗಿಹೋಯ್ತು."

ಅತ್ತೆ ಜಾರಿದ ದುಪ್ಪಟಿ ಎತ್ತಿಕೊಂಡರು. "ನಾನು ಹಜಾರಕ್ಕೆ ಕಾಲಿಡಲ್ಲ. ಏಣಿ ಹತ್ತಲ್ಲ. ಫೋಟೋನ ಯಾರು ಬೇಕಾದ್ರೂ ತೆಗೀಲಿ."

ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ಸೊಸೆ ತಿರುಗಿದಳು. "ಭಾನುವಾರ ಆದ್ಮೇಲೂ ಹೋಗ್ತೀನಿ ಅಂದ್ರೆ ನಾನು ತಡೆಯಲ್ಲ. ಬೂಟೂ ಬಚ್ಚಿಡಲ್ಲ. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ಮೀಸೆ. ಗೆದ್ದೆನೆಂಬ ಧಾಟಿಯಿತ್ತು.

ಭಾನುವಾರ ಬೆಳಗ್ಗೆ ಕಿಟಕಿಯ ಉಳಿದರ್ಧದಿಂದ ಬೆಳಕು ಬಿತ್ತು. ಗಂಡ ಹಳೆಯ ಹಾಸಿಗೆ ಹಾಸಲು ಹೋದ. ಸೊಸೆ ಬೇಡವೆಂದಳು, ಬರೀ ನೆಲ. ಮೀಸೆ ಯೂನಿಫಾರ್ಮು ತೊಟ್ಟು, ನಗುನಗುತ್ತ ಬಂದು ಅಂಗಾತ ಮಲಗಿ, ಒಂದು ಕೈ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಚಿಕ್ಕಂದಿನಿಂದ ಗೋಡೆಯ ಮೇಲೆ ನೋಡಿದ್ದ ಸಾವು ಅದೇ.

"ಹಾಗಲ್ಲ," ಎಂದಳು ಸೊಸೆ. ಮಂಡಿಯೂರಿ ಕೂತು ಅವಳ ಕೈ ಎತ್ತಿ ಬಿಟ್ಟಳು. ಕೈ ಮೆಲ್ಲಗೆ ಇಳಿಯಿತು. "ನೀನು ಇಳಿಸ್ತಿದೀಯ. ಬಿಡು. ಅದು ಈಗ ನಿನ್ನ ಕೈ ಅಲ್ಲ."

ಮೂರನೆಯ ಸಲಕ್ಕೆ ಕೈ ದಪ್ಪೆಂದು ಬಿತ್ತು. ಮೀಸೆ ನಕ್ಕಳು. ಸೊಸೆ ನಗಲಿಲ್ಲ. ಮಗಳನ್ನು ಪಕ್ಕಕ್ಕೆ ಹೊರಳಿಸಿ, ಎಡತೋಳನ್ನು ಮೈಯಡಿಗೆ ಸಿಕ್ಕಿಸಿದಳು. "ನೋಯ್ತಿದೆ," ಎಂದಳು ಮಗಳು. "ಅವನಿಗೆ ನೋಯಲ್ಲ, ಅದಕ್ಕೇ ಯಾರೂ ತೆಗೆಯಲ್ಲ," ಎಂದಳು ತಾಯಿ. ಒಂದು ಪಾದವನ್ನು ಹೊರಕ್ಕೆ ತಿರುಗಿಸಿದಳು. ಬೆರಳುಗಳನ್ನು ಅರ್ಧ ಮಡಿಸಿದಳು. ತಲೆಯನ್ನು ಚಿತ್ರದಲ್ಲಿ ದಂಡೆ ಇಳಿಯುವ ಕಡೆ ವಾಲಿಸಿ, ಗಲ್ಲ ಹಿಡಿದು ಬಾಯಿ ಒಂದು ಬೆರಳಷ್ಟು ತೆರೆಯಿಸಿದಳು. ರೆಪ್ಪೆಯನ್ನು ಪೂರ್ತಿ ಮುಚ್ಚಗೊಡಲಿಲ್ಲ. ಇಪ್ಪತ್ತೊಂದು ವರ್ಷ ನೆಟ್ಟಗೆ ಮಾಡುತ್ತ ಬಂದದ್ದನ್ನೆಲ್ಲ ಅವಳ ಕೈಗಳು ಒಂದೊಂದಾಗಿ ಬಿಚ್ಚಿದವು.

ಕೊನೆಗೆ ಅಂಗಿ. ಬಿದ್ದವನ ಅಂಗಿ ಮೇಲೆ ಸರಿದಿರುತ್ತದೆ. ಅವಳೇ ಅದನ್ನು ಪಕ್ಕೆಲುಬಿನ ತನಕ ಎಳೆದಳು. ಮಗಳ ಹೊಟ್ಟೆ ಕಂಡಿತು, ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದ ಕಲೆಯೂ ಕಂಡಿತು. ಕೈ ತಾನಾಗಿಯೇ ಅಂಗಿಯನ್ನು ಕೆಳಗೆಳೆಯಲು ಹೋಯಿತು.

"ಬೇಡಮ್ಮ," ಎಂದರು ಮಾವ, ಬಹಳ ಮೆಲ್ಲಗೆ. "ಹಾಗೇ ಇರಲಿ."

ಸೊಸೆ ಕೈ ಹಿಂದಕ್ಕೆ ತೆಗೆದುಕೊಂಡಳು. ಎದ್ದು ನಿಂತು ನೋಡಿದಳು. ಕೆಲಸ ಸರಿಯಾಗಿ ಆಗಿತ್ತು. ಅಷ್ಟು ಸರಿಯಾಗಿ ಆದದ್ದನ್ನು ನೋಡಲಾರದೆ ಅವಳು ಮುಖ ತಿರುಗಿಸಿದಳು. ಗಂಡ ಬಂದು ತೋಳು ಹಿಡಿದ. ಅವನ ಮುಖದಲ್ಲಿ ಇಂದು ಹಸಿವಿರಲಿಲ್ಲ. ನೆಲದ ಮೇಲಿದ್ದ ಮೀಸೆಯ ನಗು ಎಂದೋ ನಿಂತುಹೋಗಿತ್ತು. ತಲೆಯ ಮೇಲೆ ನಿಂತವರ ಮುಖಗಳನ್ನು ಅವಳು ಅರ್ಧ ರೆಪ್ಪೆಯಡಿಯಿಂದ ನೋಡುತ್ತಿದ್ದಳು.

ಫೋಟೋ ತೆಗೆಯಬೇಕಿತ್ತು. ಮಾವ ಕ್ಯಾಮೆರಾವನ್ನು ಮಗನ ಕೈಗೆ ದಾಟಿಸಿದರು. ಅವನು ಅದನ್ನು ತಲೆಕೆಳಗಾಗಿ ಹಿಡಿದಿದ್ದ. ಆಗ ಅಡುಗೆಮನೆಯ ಬಾಗಿಲು ಸದ್ದಾಯಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಮಗನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, ಒಂದೊಂದೇ ಮೆಟ್ಟಿಲು ಏಣಿ ಹತ್ತಿದರು. ಮೇಲೆ ನಿಂತು ಕೆಳಗೆ ನೋಡಿದರು. ತಾತ ಸಾಯುವಾಗಲೆಲ್ಲ ಕೇಳಿ ಗೊತ್ತಿದ್ದುದರಿಂದ ಮೀಸೆ ಹೊಟ್ಟೆ ಒಳಗೆಳೆದು ಉಸಿರು ಬಿಗಿಹಿಡಿದಳು.

"ಉಸಿರಾಡು," ಎಂದರು ಅತ್ತೆ. "ನೀನು ಉಸಿರು ಹಿಡೀಬೇಡ ಮಗಳೇ. ಹೊಟ್ಟೆ ಆಡಿದ್ರೆ ಆಡ್ಲಿ. ಚಿತ್ರದಲ್ಲಿ ನಿಲ್ಲಿಸೋದು ನಿಮ್ಮ ತಾತನ ಕೆಲಸ. ನೀನು ಉಸಿರಾಡ್ತಾ ಇರು, ನನಗೆ ಕಾಣೋ ಹಾಗೆ ಉಸಿರಾಡು."

ಮೂವತ್ತಾರು ಫೋಟೋ ತೆಗೆದರು. ಮುಗಿದ ಮೇಲೆ ಮೀಸೆ ಎದ್ದಳು, ಜೋಮು ಹಿಡಿದ ತೋಳನ್ನು ಉಜ್ಜಿಕೊಳ್ಳುತ್ತ ಹೋಗಿ ಬಚ್ಚಲಲ್ಲಿ ಬಹಳ ಹೊತ್ತು ನೀರು ಬಿಟ್ಟುಕೊಂಡಳು.

ಮುಂದಿನ ಮೂರು ಬೆಳಗ್ಗೆ ಅವಳು ಓಡಲಿಲ್ಲ. ಸೊಸೆ ಐದಕ್ಕೇ ಎಚ್ಚರಾಗಿ ಕಿವಿಗೊಟ್ಟು ಮಲಗಿರುತ್ತಿದ್ದಳು, ಆಸೆ ಒಂದೊಂದು ದಿನ ಒಂದೊಂದು ಗೇಣು ಬೆಳೆಯುತ್ತಿತ್ತು. ನಾಲ್ಕನೆಯ ದಿನ ಐದೂ ಹತ್ತಕ್ಕೆ ಹೊರಬಾಗಿಲು ಕಿರ್ರೆಂದಿತು. ಸೊಸೆ ಮಗ್ಗುಲಾಗಿ, ದಿಂಬು ಕಚ್ಚಿಕೊಂಡು ಅತ್ತಳು. ಆರಕ್ಕೆ ಎದ್ದು ಎರಡು ಮೊಟ್ಟೆ ಜಾಸ್ತಿ ಬೇಯಿಸಿಟ್ಟಳು.

ಮಾವ ಮೂರು ವಾರ ತಲೆ ಎತ್ತದೆ ಬರೆದರು. ಇಬ್ಬರ ಮುಖ ಆಚೆ ತಿರುಗಿತ್ತು. ಮೂರನೆಯವನದು ಮಾತ್ರ ನೋಡುವವರ ಕಡೆ. ಅವನಿಗೆ ಮೀಸೆ ಎಳೆಯಲಿಲ್ಲ.

ಸಭಾಂಗಣ ತೆರೆದ ದಿನ ಭಾಷಣಗಳಾದವು, ಪರದೆ ಸರಿಯಿತು, ಜನ ಚಪ್ಪಾಳೆ ತಟ್ಟಲು ಕೈ ಎತ್ತಿ ಹಾಗೇ ಇಳಿಸಿದರು. ಮೇಜರ್ ಸೇತುವೆಯ ಬುಡಕ್ಕೆ ಬಂದು, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಆಮೇಲೆ ಮಾವನ ಕೈ ಹಿಡಿದುಕೊಂಡರು. "ಇಷ್ಟೇ ವಯಸ್ಸು," ಎಂದರು. "ಇಷ್ಟೇ."

ಎಲ್ಲರೂ ತಿಂಡಿಯ ಕಡೆ ಸರಿದ ಮೇಲೂ ಒಬ್ಬ ಅಜ್ಜಿ ಚಿತ್ರದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹತ್ತೊಂಬತ್ತರವನ ತಾಯಿ ಎಂದು ಯಾರೋ ಹೇಳಿದರು. ಸೊಸೆ ನೀರು ತಂದುಕೊಟ್ಟಳು.

"ಇದು ಯಾರ ಮಗು?" ಎಂದು ಕೇಳಿದರು ಅಜ್ಜಿ.

"ನನ್ನದು," ಎಂದಳು ಸೊಸೆ. ಅಜ್ಜಿ ಲೋಟ ಕೆಳಗಿಟ್ಟು ತನ್ನ ಮುಖವನ್ನೇ ನೋಡಿದ್ದು ಕಂಡು, ಮಗಳನ್ನು ಭುಜ ಹಿಡಿದು ಮುಂದಕ್ಕೆ ತಂದಳು. "ಇವಳೇ. ಇಲ್ಲೇ ಇದಾಳೆ."

ಅಜ್ಜಿ ಮೀಸೆಯ ಮಣಿಕಟ್ಟು ಹಿಡಿದುಕೊಂಡರು. ಬಿಡಲಿಲ್ಲ. ಇನ್ನೊಂದು ಕೈಯಿಂದ ಚಿತ್ರ ತೋರಿಸಿದರು, ಮುಖವನ್ನಲ್ಲ, ಮೇಲೆ ಸರಿದ ಅಂಗಿಯನ್ನು. "ನಮ್ಮವನೂ ಹೀಗೇ. ಅಂಗಿ ಒಳಗೆ ಸೇರಿಸ್ಕೊಳ್ಳೋ ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು. ಹೊರಡೋ ದಿನಾನೂ ಹೇಳಿದ್ದೆ."

ಮನೆಗೆ ಬರುವ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರು.

"ಆವತ್ತು ಮಲಗಿದಾಗ ನನಗೆ ಹೆದರಿಕೆ ಆಯ್ತಮ್ಮ."

"ಒಳ್ಳೇದು."

"ಆದ್ರೂ ಹೋಗ್ತೀನಿ."

"ಗೊತ್ತು."

"ಬೇಜಾರಾ?"

"ಬೇಜಾರೇ," ಎಂದಳು ಸೊಸೆ. "ಬೇಜಾರಿಗೆ ಬೇಜಾರು ಅಂತಾನೇ ಹೇಳ್ಬೇಕು. ಕಣ್ಣು ಬಿಟ್ಕೊಂಡು ಹೋಗ್ತಿದೀಯಲ್ಲ, ಅಷ್ಟು ಸಾಕು."

ಊಟದ ಮೇಜು ಹಜಾರಕ್ಕೆ ವಾಪಸ್ಸು ಬಂತು. ಎಂಟು ತಿಂಗಳ ಮೇಲೆ ಮೊದಲ ಸಲ ಐದೂ ಜನ ಮೊಣಕೈ ತಾಗಿಸಿಕೊಳ್ಳದೆ ಉಂಡರು. ಮುಂದಿನ ಚಿತ್ರ ಯಾವುದೆಂದು ಮಾವ ಆಗಲೇ ತೀರ್ಮಾನಿಸಿದ್ದರು. ಯುದ್ಧದ ನಡುವೆ ಅಡುಗೆಯವನ ಮುಂದೆ ತಟ್ಟೆ ಹಿಡಿದು ಸಾಲು ನಿಂತ ಸಿಪಾಯಿಗಳು.

"ಮುಂದಿನ ಸಾಲಿಗೆ ನೀನೇ ಬೇಕು ಕಣಯ್ಯ," ಎಂದರು ಮಗನಿಗೆ.

"ಅದರಲ್ಲಿ ಸಾಯೋರು ಯಾರೂ ಇಲ್ಲ ತಾನೇ?" ಎಂದರು ಅತ್ತೆ.

"ಒಬ್ಬ ಇದ್ರೆ ನಾನೇ…"

"ನೀವೂ ಇಲ್ಲ. ನಲವತ್ತಮೂರು ಸಲ ಸಾಕು. ಇನ್ನು ಏಣಿ ಹತ್ತೋಕೆ ನನ್ನ ಮಂಡಿ ಕೇಳಲ್ಲ," ಎಂದು ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ದೇಹ ಪರೀಕ್ಷೆಯ ದಿನ ಬಂತು. ಮೀಸೆಯನ್ನು ಸೊಸೆಯೇ ಎಬ್ಬಿಸಿದಳು. ಬ್ರೆಡ್ಡು, ಮೊಟ್ಟೆ ಕಟ್ಟಿಕೊಟ್ಟಳು. ಅತ್ತೆ ಕಣ್ಣೊರೆಸಿಕೊಂಡರು, ಮಾವ ತಮ್ಮ ಚಪ್ಪಟೆ ಪಾದಗಳನ್ನೇ ನೋಡುತ್ತ ನಿಂತರು, ಗಂಡ ಮಗಳ ತಲೆ ಸವರಿ ಬಸ್ಸಿಗೆ ಹೊತ್ತಾಯಿತು ಎಂದ. ಮೀಸೆ ಹೊರಬಾಗಿಲ ಹತ್ತಿರ ಬಗ್ಗಿ ಬೂಟಿನ ದಾರ ಬಿಗಿದಳು. ಬಗ್ಗಿದಾಗ ಬೆನ್ನ ಮೇಲೆ ಅಂಗಿ ಸರಿಯಿತು.

ಸೊಸೆ ಮುಂದೆ ಹೋಗಿ, ಎರಡೂ ಕೈಯಿಂದ ಅದನ್ನು ಕೆಳಕ್ಕೆಳೆದು, ಸೊಂಟದ ಸುತ್ತ ಒಳಗೆ ಸೇರಿಸಿದಳು. ಬೆಚ್ಚಗಿತ್ತು ಮೈ. ಈ ಸಲ ಯಾರೂ ಬೇಡವೆನ್ನಲಿಲ್ಲ.